ಕನ್ನಡದಲ್ಲಿ ಬರಲಿ, ಓದುವ

ಶಿರಿಯ ಹೊಳೆ ಕಡಲಿಗೆ ಸೇರುವ ಅಳಿವೆಯ ಪಕ್ಕ ಬಲೆ ಇಡುವ ಒಂದು ಶೆಡ್ಡು ಇದೆ. ಕನ್ನಡ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ದಿನಾ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಫೋನಿಗೆ ಬರುವ ಕಡಲಿನ ಎಚ್ಚರಿಕೆಗಳನ್ನು ಎಲ್ಲರಿಗೂ ಓದಿ ಹೇಳುವುದು ನನ್ನ ಪಾಲಿನ ಕೆಲಸ. ನಮ್ಮದು ಗಡಿಯ ಕನ್ನಡದ ಊರು, ಸರಕಾರ ಮಲಯಾಳದ್ದು; ಹಾಗಾಗಿ ಮಲಯಾಳದ್ದು ಮೊದಲು ಬರುತ್ತಿತ್ತು, ಕನ್ನಡದ್ದು ಆಮೇಲೆ, ಕೆಲವೊಮ್ಮೆ ಮರುದಿನ.

ನಮ್ಮಲ್ಲಿ ಒಂದು ಅಭ್ಯಾಸ ಉಂಟು. ಕಚೇರಿಯಲ್ಲಿ ಮಲಯಾಳದ ಕಾಗದ ಕೊಟ್ಟರೆ, ಗೊತ್ತಾದರೂ ಗೊತ್ತಾಗದವರ ಹಾಗೆ ನಿಂತು ಕನ್ನಡದ್ದು ಕೇಳುವುದು. ನಮ್ಮ ಹಕ್ಕು ಉಳಿದದ್ದೇ ಹಾಗೆ ಎಂದು ಈಗಲೂ ನಂಬಿದ್ದೇನೆ. ಆ ಅಭ್ಯಾಸವನ್ನು ನಾನು ಶೆಡ್ಡಿಗೂ ತಂದೆ.

ಆ ದಿನ ಮಧ್ಯಾಹ್ನ ಫೋನು ಸದ್ದು ಮಾಡಿತು. ನೆರೆಮನೆಯವನು ದೋಣಿ ನೂಕಲು ಹೊರಟಿದ್ದ. ಅವನ ಮನೆಮಾತು ತುಳು. ಮಲಯಾಳ ಮಾತಾಡುತ್ತಾನೆ, ಓದಲು ಬಾರದು.

"ಎಂತ ಉಂಟು ಮಾಸ್ಟ್ರೇ ಅದರಲ್ಲಿ?"

"ಮಲಯಾಳ. ಕನ್ನಡದಲ್ಲಿ ಬರಲಿ, ಓದುವ."

"ನಿಮ್ಮ ಕನ್ನಡ ಬರುವಾಗ ಮೀನು ಗೋವಕ್ಕೆ ಮುಟ್ಟಿರ್ತದೆ ಮಾರಾಯ್ರೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಕನ್ನಡಕ ತಂದಿರಲಿಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ಮೆಸೇಜು ತೆರೆದೇ ಇರಲಿಲ್ಲ ಎಂದು ಇನ್ನೊಬ್ಬರಿಗೆ. ಇಲ್ಲಿಯೂ ಮೊದಲು ಹಾಗೆಯೇ ಬರೆದು ಹೊಡೆದುಹಾಕಿದೆ. ಕನ್ನಡಕ ಮೂಗಿನ ಮೇಲಿತ್ತು. ಬಸ್ಸಿನ ಬೋರ್ಡು ಓದಿ ಓದಿ ಕಲಿತ ಲಿಪಿ ಅದು, ಕೊನೆಯ ಸಾಲಿನವರೆಗೂ ಓದಿದ್ದೆ. ಮೂರು ಗಂಟೆಯ ಮೇಲೆ ಅಳಿವೆಗಳಲ್ಲಿ ದೊಡ್ಡ ತೆರೆ, ಯಾರೂ ಇಳಿಯಬಾರದು. ತುಳುವಿನಲ್ಲಿ ಹೇಳಿದ್ದರೆ ನಾಲ್ಕು ಮಾತು. ಆದರೆ ಹೇಳಿದರೆ ನನಗೆ ಮಲಯಾಳ ಓದಲು ಬರುತ್ತದೆ ಎಂದು ಎಲ್ಲರೆದುರು ಒಪ್ಪಿದ ಹಾಗೆ. ಆಕಾಶ ಬಿಳಿಯಾಗಿತ್ತು, ಗಾಳಿಯೂ ಇರಲಿಲ್ಲ. ಅಥವಾ ಗಾಳಿ ಇರಲಿಲ್ಲ ಎನ್ನುವುದು ನನಗೆ ಅನುಕೂಲವಾದ ನೆನಪೋ ಏನೋ.

ಮರಳಿ ಬರುವಾಗ ದೋಣಿ ಅಳಿವೆಯಲ್ಲಿ ಮಗುಚಿತು. ದೋಣಿಗೂ ತಡೆಗೋಡೆಯ ಕಲ್ಲಿಗೂ ನಡುವೆ ಅವನ ಬಲಗೈ ಸಿಕ್ಕಿ ಜಜ್ಜಿಹೋಯಿತು.

ಆಸ್ಪತ್ರೆಗೆ ಜೊತೆಯಲ್ಲಿ ಹೋದವನು ನಾನು. ಡಾಕ್ಟರು ಮಲಯಾಳದಲ್ಲಿ ಕೇಳುತ್ತಾ ಹೋದರು: ಎಷ್ಟು ಹೊತ್ತಾಯಿತು, ಸಕ್ಕರೆ ಕಾಯಿಲೆ ಉಂಟೇ, ಊಟ ಯಾವಾಗ ಮಾಡಿದ್ದು. ನಾನು ತಡವರಿಸದೆ ಮಲಯಾಳದಲ್ಲೇ ಉತ್ತರಿಸಿದೆ. ಅವನು ಸ್ಟ್ರೆಚರಿನಲ್ಲಿ ಮಲಗಿ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಓದ್ಲಿಕ್ಕೆ ಮಾತ್ರ ಬರೂದಿಲ್ಲ, ಅಲ್ವ ಮಾಸ್ಟ್ರೇ?" ಎಂದ.

ಕೆಣಕಿದನೋ, ನನಗೊಂದು ದಾರಿ ಬಿಟ್ಟುಕೊಟ್ಟನೋ, ತಿಳಿಯಲಿಲ್ಲ.

"ಹೌದು, ಓದ್ಲಿಕ್ಕೆ ಬರೂದಿಲ್ಲ" ಎಂದೆ.

ಕನ್ನಡದ ಮೆಸೇಜು ಸಂಜೆ ಬಂತು. ಅದು ತಡವಾಗಿ ಬಂದದ್ದೇ ದೂರಿಗೆ ಆಧಾರವಾಯಿತು. ಎಚ್ಚರಿಕೆ ಎರಡೂ ಭಾಷೆಯಲ್ಲಿ ಒಟ್ಟಿಗೆ ಬರಬೇಕೆಂದು ಊರವರು ಅರ್ಜಿ ಹಾಕುವುದೆಂದಾಯಿತು. ಬರೆಯಲು ನನಗೇ ಹೇಳಿದರು. ಬರೆದೆ. ಸಹಿಗೆ ಅವನ ಮನೆಗೆ ಒಯ್ದಾಗ, ಪೂರ್ತಿ ಓದಿ ಹೇಳಿ ಎಂದ.

"ಅರ್ಥವಾಗುವ ಭಾಷೆಯಲ್ಲಿ ಸಕಾಲಕ್ಕೆ ಎಚ್ಚರಿಕೆ ಸಿಗದ ಕಾರಣ" ಎಂಬಲ್ಲಿಗೆ ಬಂದಾಗ ನನ್ನ ಸ್ವರ ಇಳಿಯಿತು.

"ಗಟ್ಟಿ ಓದಿ ಮಾಸ್ಟ್ರೇ, ಕೇಳೂದಿಲ್ಲ."

ಗಟ್ಟಿಯಾಗಿ ಓದಿದೆ. ಅವನು ಪೆನ್ನು ಕೇಳಿ ಎಡಗೈಯಲ್ಲಿ ಹಿಡಿದ. ಕಾಗದ ಜಾರದಂತೆ ಒತ್ತಿ ಹಿಡಿಯಲು ಅವನಿಗೆ ಇನ್ನೊಂದು ಕೈ ಇರಲಿಲ್ಲ. ನಾನು ಹಿಡಿದೆ.