ನೀಲಿ ಪಂಜರದ ಇಪ್ಪತ್ತು ಸೆಕೆಂಡು

ಬೆಳಗಿನ ಆರು ಗಂಟೆ. ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಟೈಪಿಸ್ಟಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಪಕ್ಕದ ಸ್ಟೂಲಿನಲ್ಲಿ ಸಾಕ್ಷ್ಯಚಿತ್ರ ತೆಗೆಯುವ ಹುಡುಗಿ. ವಿಚಾರಣೆ ಮುಗಿಯದೆ ಏಳು ವರ್ಷ ಜೈಲಿನಲ್ಲಿ ಕೊಳೆತವನ ಬಗ್ಗೆ ಅವಳ ಚಿತ್ರ. ಪ್ರತಿಷ್ಠಾನವೊಂದರ ಸಹಾಯಧನಕ್ಕೆ ಒಂಬತ್ತರೊಳಗೆ ಅರ್ಜಿ ಹೋಗಬೇಕು. ತಪ್ಪಿದರೆ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ.

ಟೈಪಿಸ್ಟಮ್ಮ ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವರು. ನಿವೃತ್ತಿಯ ನಂತರ, ಜೈಲು, ಪೊಲೀಸು, ಕೋರ್ಟುಗಳ ಬಗ್ಗೆ ಬರೆಯುವ ಪತ್ರಕರ್ತರಿಗೆ, ಚಿತ್ರ ತೆಗೆಯುವವರಿಗೆ ಸಹಾಯಧನ ಎಲ್ಲಿದೆಯೆಂದು ಹುಡುಕಿ ಅರ್ಜಿ ಸಿದ್ಧಪಡಿಸಿಕೊಡುತ್ತಾರೆ. ಈ ವರ್ಷ ನಲವತ್ತಮೂರು ಅರ್ಜಿ, ಗಿಟ್ಟಿದ್ದು ಆರು.

"ಉಳಿದ ಮೂವತ್ತೇಳು ಜನ ನನ್ನ ಮೇಲೆ ಹಲ್ಲು ಕಡೀತಿರಬೇಕು" ಎಂದು ನಗುತ್ತಾರೆ. ಟೈಪಿಸ್ಟಮ್ಮನಿಗಾಗಿಯೇ ಬೇಗ ಷಟರ್ ಎತ್ತುವ ಅಂಗಡಿಯವನು ಸದ್ದಿಲ್ಲದೆ ಎರಡು ಲೋಟ ಚಹಾ ಇಟ್ಟು ಹೋಗುತ್ತಾನೆ.

ಅರ್ಜಿಯ ಜೊತೆ ಮೂರು ನಿಮಿಷದ ತುಣುಕು ಇರಲೇಬೇಕು. ಅದನ್ನು ಮೊದಲು ಸದ್ದು ಅಡಗಿಸಿ ನೋಡುವುದು, ಆಮೇಲೆ ಕಣ್ಣು ಮುಚ್ಚಿ ಕೇಳುವುದು ಟೈಪಿಸ್ಟಮ್ಮನ ಪದ್ಧತಿ. ಯಾರದೇ ಗುರುತು ಬಿಟ್ಟುಕೊಡುವಂಥದ್ದು ತಪ್ಪಿಯೂ ಉಳಿಯಬಾರದೆಂಬ ಈ ಎಚ್ಚರದ ಹಿಂದೆ ಒಂದು ಹಳೆಯ ತಪ್ಪಿದೆ. ಗುಟ್ಟಾಗಿಡಬೇಕಿದ್ದ ಸಾಕ್ಷಿಯೊಬ್ಬನ ವಿಳಾಸವನ್ನು ಕೈಯ ರೂಢಿಯಲ್ಲಿ ಟೈಪ್ ಮಾಡಿಬಿಟ್ಟಿದ್ದರು. ವಾರದೊಳಗೆ ಅವನ ಸಂಸಾರವೇ ಊರು ಬಿಟ್ಟಿತು.

ಸದ್ದಿಲ್ಲದ ತುಣುಕಿನಲ್ಲಿ, ಪೊಲೀಸರ ವಿರುದ್ಧ ಸಾಕ್ಷಿ ಹೇಳಿದ ಹೆಂಗಸು ಕಾಣುತ್ತಾಳೆ. ಟೈಪಿಸ್ಟಮ್ಮ ಅಲ್ಲೇ ನಿಲ್ಲಿಸುತ್ತಾರೆ.

"ಮುಖ ಮಬ್ಬು ಮಾಡಿದ್ದೀನಲ್ಲಮ್ಮಾ!"

"ಬಾಲ್ಕನೀಲಿ ನೀಲಿ ಪಂಜರ ಇದೆಯಲ್ಲೇ. ಆ ಬೀದೀಲಿ ಇನ್ನೆಷ್ಟು ಮನೇಲಿದೆ ಇಂಥದ್ದು?"

ಹುಡುಗಿ ಉಗುರು ಕಚ್ಚುತ್ತಾಳೆ. "ಇದೊಂದೇ. ಆದ್ರೆ ಇಡೀ ಚಿತ್ರಕ್ಕೆ ಜೀವ ಇರೋದೇ ಇದ್ರಲ್ಲಿ. ತೆಗೆದ್ರೆ ಇಪ್ಪತ್ತು ಸೆಕೆಂಡು ಕಮ್ಮಿ ಆಗುತ್ತೆ, ಅರ್ಜಿ ಕಸದ ಬುಟ್ಟಿಗೆ."

"ಅವಳದ್ದೂ ಒಂದು ಜೀವ ತಾನೇ?"

ಟೈಪಿಸ್ಟಮ್ಮ ಆರಿದ ಚಹಾವನ್ನು ತಾವಿಟ್ಟುಕೊಂಡು, ಅಂಗಡಿಯವನು ಈಗಷ್ಟೇ ತಂದಿಟ್ಟ ಬಿಸಿಯದನ್ನು ಅವಳತ್ತ ಸರಿಸುತ್ತಾರೆ. ಹುಡುಗಿ ದೃಶ್ಯ ಕತ್ತರಿಸುತ್ತಾಳೆ. ಆ ಜಾಗಕ್ಕೆ ಕೋರ್ಟಿನ ಖಾಲಿ ಬೆಂಚು ಬರುತ್ತದೆ. ಅದರ ಹಿನ್ನೆಲೆಯಲ್ಲಿ ಆ ಹೆಂಗಸಿನ ಮಾತು, ಬೇರೆಯವರ ದನಿಯಲ್ಲಿ. ಎಂಟು ಐವತ್ತೆರಡಕ್ಕೆ ಅರ್ಜಿ ಹೋಗುತ್ತದೆ. ಉತ್ತರಕ್ಕೆ ಮೂರು ತಿಂಗಳು ಕಾಯಬೇಕು.

"ಹಣ ಬಂದ್ರೆ ಚಿತ್ರದಲ್ಲಿ ನಿಮ್ಮ ಹೆಸರು ಹಾಕ್ತೀನಮ್ಮಾ."

"ಹೆಸರು ತಗೊಂಡು ಏನ್ಮಾಡ್ಲಿ? ಟಿಕೆಟ್ ಎರಡು ಕೊಡು. ಆ ಹೆಂಗಸು ನನ್ನ ಪಕ್ಕ ಕೂತು ಚಿತ್ರ ನೋಡ್ಬೇಕು. ದೀಪ ಹತ್ತಿದ ಮೇಲೂ ಯಾರೂ ಅವಳ ಕಡೆ ತಿರುಗಬಾರದು. ಅಷ್ಟೇ."