ಕೋರ್ಟು ಕೇಳದಿದ್ದ ಸುಳ್ಳು

ಹಸನಬ್ಬರೇ, ನಿಮ್ಮ ಹೋಟೆಲಿನ ಹಿಂಬಾಗಿಲು ತೆಗೆದು ಕಳ್ಳನನ್ನು ಹೊಳೆಯ ಕಡೆಗೆ ಬಿಟ್ಟವರು ನೀವೇ ಎಂದು ಪುತ್ತೂರಿನ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದವನು ನಾನು. ಅದು ಸುಳ್ಳು. ಹೇಳುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು.

ಅದು ಎಪ್ಪತ್ತರ ದಶಕ. ಕಡಬದಲ್ಲಿ ಕಾನ್‌ಸ್ಟೇಬಲ್ ಆಗಿದ್ದೆ. ಪಾತ್ರೆ ಕದ್ದು ಸಿಕ್ಕಿಬಿದ್ದ ಒಬ್ಬನಿಗೆ ಬೇಡಿ ಹಾಕಿ ಪುತ್ತೂರಿನ ಕೋರ್ಟಿಗೆ ಒಪ್ಪಿಸುವ ಕೆಲಸ ನನಗೆ ಬಿತ್ತು. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಬೇಕು, ಅವನಿಗೆ ಹಸಿವು. ಬಸ್‌ಸ್ಟ್ಯಾಂಡಿನ ಎದುರಿನ ನಿಮ್ಮ ಹೋಟೆಲಿಗೆ ಕರೆದುಕೊಂಡು ಬಂದೆ. ಹೀಗಾದಾಗ ಬಲಗೈ ಮಾತ್ರ ಬಿಚ್ಚಿ, ಎಡಗೈಯ ಬೇಡಿಯನ್ನು ಬೆಂಚಿನ ಕಾಲಿಗೆ ಸಿಕ್ಕಿಸಿ, ಪಕ್ಕದಲ್ಲೇ ಕೂತು ತಿನ್ನಿಸುವುದು ನಮ್ಮ ವಾಡಿಕೆ. ಅಂದು ಅಷ್ಟೂ ಮಾಡಲಿಲ್ಲ. ಸುಳ್ಯದ ಹಿರಿಯರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಕಂಡರು—ನನ್ನ ತಂಗಿಯ ಮದುವೆಯ ಮಾತು ಅವರ ಮನೆಯ ಹುಡುಗನೊಂದಿಗೇ ನಡೆಯುತ್ತಿತ್ತು. ಅವಸರದಲ್ಲಿ ಅವನ ಎರಡೂ ಕೈ ಬಿಚ್ಚಿ, ಸ್ವಲ್ಪ ನೋಡಿಕೊಳ್ಳಿ ಎಂದು ನಿಮಗೆ ಹೇಳಿದೆ.

“ಅದು ನನ್ನಿಂದ ಆಗುವ ಕೆಲಸ ಅಲ್ಲ ಮಾರಾಯ್ರೆ. ನೀವೇ ಕೂತುಕೊಳ್ಳಿ” ಎಂದಿರಿ. ಕೇಳಿಸದವನಂತೆ ರಸ್ತೆ ದಾಟಿದೆ. ಮರಳಿ ಬಂದಾಗ ಎಲೆಯಲ್ಲಿ ಅರ್ಧ ತಿಂದ ದೋಸೆ ಇತ್ತು, ಅವನಿರಲಿಲ್ಲ.

ಇಲಾಖೆಯ ವಿಚಾರಣೆಯಲ್ಲಿ ನೀವು ಕಂಡದ್ದನ್ನು ಕಂಡ ಹಾಗೆ ಹೇಳಿದಿರಿ. ನನ್ನನ್ನು ವಜಾ ಮಾಡಿದರು. ತಂಗಿಯ ಸಂಬಂಧವೂ ಮುರಿಯಿತು. ಆಗ ಸಂಶಯ ಹೊಕ್ಕಿತು ನೋಡಿ—ನಮ್ಮ ಎಸ್.ಐ. ನಿಮ್ಮ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದುದನ್ನು ನೋಡಿದ್ದೆ. ಇಬ್ಬರೂ ಸೇರಿಯೇ ನನ್ನನ್ನು ಮುಗಿಸಿದ್ದಾರೆ ಎಂದು ಲೆಕ್ಕ ಹಾಕಿದೆ. ಊರಿಡೀ ಅಲ್ಲೇ ಚಾ ಕುಡಿಯುತ್ತಿತ್ತು ಎಂಬುದು ಆ ಲೆಕ್ಕಕ್ಕೆ ಬರಲಿಲ್ಲ. ಜೊತೆಯ ಪೇದೆಗಳು ಮಾತಾಡಿಸಿದರೆ ನನ್ನ ಬಾಯಿ ಬಿಡಿಸಲು ಬಂದವರು, ಮಾತಾಡಿಸದೆ ಹೋದರೆ ಎಸ್.ಐ. ಕಡೆಯವರು. ಸಂಶಯಕ್ಕೆ ಯಾವ ದಾರಿಯೂ ಆಗುತ್ತದೆ.

ವಜಾದ ವಿರುದ್ಧ ದಾವೆ ಹೂಡಿದೆ. ವಕೀಲರು ನನ್ನ ನೇಮಕದ ಆದೇಶವನ್ನೂ ವಜಾದ ಆದೇಶವನ್ನೂ ಅಕ್ಕಪಕ್ಕ ಇಟ್ಟು ನೋಡಿ ನಕ್ಕುಬಿಟ್ಟರು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಮೇಲಿನ ಅಧಿಕಾರಿ, ತೆಗೆದುಹಾಕಿದವರು ಅವರ ಕೈಕೆಳಗಿನವರು. ಅವರಿಗೆ ಆ ಅಧಿಕಾರವೇ ಇಲ್ಲ, ಇದೊಂದೇ ಸಾಕು ಎಂದರು. “ಹೋಟೆಲಿನ ವಿಷಯ ನೀವು ಎತ್ತುದೇ ಬೇಡ” ಎಂದು ಎರಡೆರಡು ಸಲ ಹೇಳಿದರು.

ನಾನು ನಂಬಲಿಲ್ಲ. ಇವರು ಯಾಕೆ ನನ್ನ ಬಾಯಿ ಮುಚ್ಚಿಸುತ್ತಾರೆ? ಇವರನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾರೋ ಏನೋ—ಹೀಗೆ ಯೋಚಿಸುತ್ತಲೇ ಕಟಕಟೆ ಹತ್ತಿದವನು, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟೆ. ನಾನು ಕೈ ತೊಳೆಯಲು ಹೋದಾಗ ನೀವು ಬಾಗಿಲು ತೆಗೆದಿರಿ ಎಂದೆ. ಕಳ್ಳನಿಗೂ ನಿಮಗೂ ಮೊದಲೇ ಪರಿಚಯ ಎಂದೆ. ನೀವು ಬ್ಯಾರಿ ಎಂಬ ಮಾತನ್ನು ನಾನು ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಉಳಿದದ್ದನ್ನು ಕೇಳಿದವರು ತಾವೇ ಸೇರಿಸಿಕೊಳ್ಳುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನೀವು ಹಿಂದಿನ ಸಾಲಿನಲ್ಲಿ ಟೊಪ್ಪಿಯನ್ನು ಕೈಯಲ್ಲಿ ಹಿಡಿದು ಕೂತಿದ್ದಿರಿ.

ಗೆದ್ದೆ. ವಕೀಲರು ಹೇಳಿದ್ದ ಆ ಒಂದೇ ಕಾರಣಕ್ಕೆ ಗೆದ್ದೆ. ಕಳ್ಳ ಹೇಗೆ ಓಡಿದ ಎಂಬ ವಿಚಾರಕ್ಕೆ ಹೋಗುವ ಅಗತ್ಯವಿಲ್ಲ ಎಂದು ತೀರ್ಪಿನಲ್ಲಿತ್ತು. ನನ್ನ ಸುಳ್ಳನ್ನು ಕೋರ್ಟು ಮುಟ್ಟಲೂ ಇಲ್ಲ. ಆದರೆ ಅದನ್ನು ಸುಳ್ಳೆಂದು ಯಾರೂ ಹೇಳದೆ ಹೋದ್ದರಿಂದ—ಅದು ಉಪ್ಪಿನಂಗಡಿಯಲ್ಲಿ ಸತ್ಯವಾಗಿ ಓಡಾಡತೊಡಗಿತು.

ಕೆಲಸಕ್ಕೆ ಮರಳಿ ಸೇರಿದ ಮೇಲೆ ನನ್ನನ್ನು ಉಪ್ಪಿನಂಗಡಿಗೇ ಹಾಕಿದರು. ಎಲ್ಲಿ ಕಳ್ಳತನವಾದರೂ ಮೊದಲು ನಿಮ್ಮನ್ನು ಠಾಣೆಗೆ ಕರೆಸುವುದು ರೂಢಿಯಾಗಿಬಿಟ್ಟಿತ್ತು. ಒಮ್ಮೆ ಕರೆತರಲು ನನ್ನನ್ನೇ ಕಳಿಸಿದರು. ನೀವು ಲೋಟ ತೊಳೆಯುತ್ತಿದ್ದಿರಿ. ಕೈ ಒರೆಸಿ, ಅಂಗಿ ಹಾಕಿಕೊಂಡು, ಮೆಲ್ಲಗೆ ಕೇಳಿದಿರಿ.

“ನೀವಾದರೂ ಹೇಳಿ. ಆ ಬಾಗಿಲು ನಾನು ತೆಗೆದದ್ದಾ?”

“ಎಂತ ಇದ್ದರೂ ಸಾಹೇಬರಲ್ಲಿ ಹೇಳಿ” ಎಂದು ಮುಂದೆ ನಡೆದೆ. ಸಾಹೇಬರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಿದರೆ ಕೆಲಸ ಮತ್ತೆ ಹೋದೀತೆಂಬ ಭಯವಿತ್ತು, ಹೌದು. ಆದರೆ ನಿಜ ಹೇಳುತ್ತೇನೆ—ಅಂದೂ ಕೂಡ, ಇವರು ನನ್ನಿಂದ ಮಾತು ತೆಗೆಸಿ ಸಿಕ್ಕಿಸಲು ನೋಡುತ್ತಿದ್ದಾರೆಯೇ ಎಂದೇ ನಾನು ಯೋಚಿಸುತ್ತಿದ್ದೆ. ಆ ವರ್ಷವೇ ನೀವು ಹೋಟೆಲು ಮುಚ್ಚಿದಿರಿ.

ಈಗ ನಾನು ನಿವೃತ್ತ. ಕಳೆದ ತಿಂಗಳು ವಿಟ್ಲದ ಬಸ್ಸು ಕಬಕದಲ್ಲಿ ನಿಂತಾಗ ಕಿಟಕಿಯಿಂದ ನಿಮ್ಮನ್ನು ಕಂಡೆ. ಮಗನದೋ ಏನೋ, ಒಂದು ಸಣ್ಣ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದಿರಿ. ನಮ್ಮ ಬಸ್ಸಿನ ಕಂಡಕ್ಟರ್ ಬೀಡಿಗೆಂದು ಇಳಿದ. ಅವನ ಖಾಕಿ ಕಂಡದ್ದೇ ನೀವು ದಡಬಡಿಸಿ ಎದ್ದು, ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದಿರಿ. ಅವನು ಬೀಡಿ ಕೊಂಡು ಬಂದ. ನೀವು ಇನ್ನೂ ನಿಂತೇ ಇದ್ದಿರಿ. ಬಸ್ಸು ಹೊರಟಿತು, ನಾನು ಇಳಿಯಲಿಲ್ಲ.

ಕ್ಷಮೆ ಕೇಳುವ ಮುಖ ನನಗಿಲ್ಲ. ಬರುವ ಶುಕ್ರವಾರ ನಮಾಜು ಮುಗಿದು ಜನ ಸೇರಿರುವಾಗ ಕಬಕಕ್ಕೆ ಬಂದು, ನಿಮ್ಮ ಮಗನ ಎದುರು, ಎಲ್ಲರ ಎದುರು ಇದನ್ನು ಹೇಳುತ್ತೇನೆ. ಒಂದೇ ಬೇಡಿಕೆ. ನನ್ನನ್ನು ಕಂಡಾಗ ನೀವು ಎದ್ದು ನಿಲ್ಲಬೇಡಿ.