ನೆಗೆಣ್ಣಿಗೆ ಸಿಕ್ಕ ಸ್ಟೇ

ಕೋರ್ಟಿನಲ್ಲಿ ನಮಗೆ ಸ್ಟೇ ಸಿಗದೇ ಹೋದದ್ದು ನನ್ನಿಂದ. ವಕೀಲರದೂ ತಪ್ಪಿಲ್ಲ, ಜಡ್ಜ್ ಸಾಹೇಬರದೂ ತಪ್ಪಿಲ್ಲ.

ಬೆಟಗೇರಿಯಲ್ಲಿ ನನ್ನ ಮಗನದೊಂದು ಖಾರ ಕುಟ್ಟುವ ಗಿರಣಿ. ಮಷಿನ್ ಕೊಳ್ಳಲು ಒಂದು ಫೈನಾನ್ಸ್ ಕಂಪನಿಯಿಂದ ಸಾಲ ತಂದಿದ್ದ. ಕಂತು ತಡವಾಯಿತೆಂದು ಅವರು ದಂಡದ ಬಡ್ಡಿಯನ್ನು ಎರಡೆರಡು ಸಲ ಹಾಕಿದರು, ಕೊಡದಿದ್ದರೆ ಮಷಿನ್ ಒಯ್ಯುತ್ತೇವೆ ಎಂದರು. ಮಗ ಕೂತು ಮಾತಾಡಿ ಬಗೆಹರಿಸಿಕೊಳ್ಳುವವನಿದ್ದ. ನಾನು ಬಿಡಲಿಲ್ಲ.

ಬಿಡದಿರಲು ಕಾರಣ ಲಕ್ಷ್ಮೇಶ್ವರದಲ್ಲಿರುವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಅವರದೂ ಅಂಥದೇ ಗಿರಣಿ, ಅಂಥದೇ ಸಾಲದ ತಕರಾರು. ಕೇಸು ಮುಗಿಯುವ ತನಕ ಮಷಿನ್ ಮುಟ್ಟಬಾರದೆಂದು ಕೋರ್ಟು ಅವರಿಗೆ ಸ್ಟೇ ಕೊಟ್ಟಿತ್ತು. ಅದನ್ನು ಅವಳು ಹೊಸ ಬೋರಮಾಳ ಸರ ಹಾಕಿಕೊಂಡವಳಂತೆ ಹೋದಲ್ಲೆಲ್ಲ ಮೆರೆಸುತ್ತಿದ್ದಳು. ಶಿರಹಟ್ಟಿಯ ಒಂದು ಕುಬಸದಲ್ಲಿ, ಬಸುರಿಗೆ ಉಡಿ ತುಂಬುವ ಹೊತ್ತಿನಲ್ಲೂ ಅದೇ ಮಾತು.

"ಅಕ್ಕಾ, ನಮಗ ಸ್ಟೇ ಸಿಕ್ಕೈತಿ. ನಿಮಗಿನ್ನೂ ಇಲ್ಲೇನು?"

"ನಮಗ ಅದ್ರ ಜರೂರತ್ ಬಿದ್ದಿಲ್ಲ ಬಿಡವಾ," ಅಂದೆ.

ಮನೆಗೆ ಬಂದವಳೇ ಮಗನ ಬೆನ್ನು ಹತ್ತಿದೆ. "ನಾಳಿಗೇ ವಕೀಲರ ಕಡೆ ಹೋಗು. ಆಕಿ ಮಗಾ ತಂದಾನ, ನಿನಗೇನು ಧಾಡಿ?"

ಆದರೆ ಅದಕ್ಕೂ ಮೊದಲೇ ನಾನೊಂದು ಕೆಲಸ ಮಾಡಿದ್ದೆ. ಕಂಪನಿಯ ನೋಟೀಸು ರಿಜಿಸ್ಟರ್ ಪೋಸ್ಟಿನಲ್ಲಿ ಎರಡು ಸಲ ಬಂದಿತ್ತು. ಕೈಮುಟ್ಟಿ ತೆಗೆದುಕೊಂಡರೆ ಸಾಲ ಕೊಟ್ಟವರ ಮಾತು ಒಪ್ಪಿದಂತೆ ಎಂದು ನಮ್ಮ ಓಣಿಯ ಹೆಂಗಸರ ನಂಬಿಕೆ. ನಾನು ಸಹಿ ಮಾಡಲಿಲ್ಲ.

"ಆಯಿ, ತಗೊಳ್ಳೂದಿಲ್ಲಂತ ಬರೀಲೇನು?" ಪೋಸ್ಟಿನವ ಕೇಳಿದ.

"ಬರಿಯಪಾ. ಚಂದಂಗ ಬರಿ," ಅಂದೆ. ಮಗನಿಗೆ ತಿಳಿಸಲಿಲ್ಲ.

ಹಾಗಾಗಿ ನಮ್ಮ ಅರ್ಜಿಯಲ್ಲಿ ನೋಟೀಸೇ ಬಂದಿಲ್ಲ ಎಂದು ಬರೆದಿತ್ತು. ಗದಗಿನ ಕೋರ್ಟಿನಲ್ಲಿ ಕಂಪನಿಯ ವಕೀಲ ತಿರುಗಿ ಬಂದಿದ್ದ ಎರಡೂ ಲಕೋಟೆಗಳನ್ನು ತೆಗೆದು ತೋರಿಸಿದ. ಮೇಲೆ ಪೋಸ್ಟಿನವನ ಅಕ್ಷರ, ಚಂದವಾಗಿಯೇ ಇತ್ತು. ಸುಳ್ಳು ಹೇಳಿಕೊಂಡು ಬಂದವರಿಗೆ ತಡೆಯಾಜ್ಞೆ ಇಲ್ಲ ಎಂದರು ಸಾಹೇಬರು. ನಾಳೆ ನೀವು ಗೆದ್ದರೆ ಆದ ನಷ್ಟವನ್ನು ರೊಕ್ಕದಲ್ಲಿ ತುಂಬಿಸಿಕೊಳ್ಳಬಹುದು ಎಂದೂ ಅಂದರು.

ಹೊರಗೆ ಬಂದು ನಮ್ಮ ವಕೀಲರನ್ನು ಕೇಳಿದೆ: "ಆಕಿಗೆ ಹೆಂಗ ಕೊಟ್ರು ಮತ್ತ?"

"ಅಜ್ಜಿ, ಅವರು ಬಂದ ನೋಟೀಸೆಲ್ಲಾ ತಂದು ಇಟ್ಟಿದ್ರು. ತಕರಾರಿಲ್ಲದ ಕಂತಿನ ರೊಕ್ಕ ಕೋರ್ಟಿಗೆ ಕಟ್ಟಿದ್ರು. ನಿಮ್ಮ ಕೇಸು ಇನ್ನೂ ಐತಿ, ಸ್ಟೇ ಅಷ್ಟ ಇಲ್ಲ."

"ಯವ್ವಾ, ಒಂದ ಮಾತು ಹೇಳಬಾರದಿತ್ತೇನ?" ಅಂದ ಮಗ. ಖರೆ ಹೇಳಬೇಕೆಂದರೆ, ಆಗಲೂ ನನಗೆ ಚಿಂತೆಯಾದದ್ದು ಮಷಿನ್ನಿನದಲ್ಲ. ಇದನ್ನು ಕೇಳಿ ನೆಗೆಣ್ಣಿ ನಗುವ ನಗೆಯದು.

ಸಂಜೆಯೇ ಲಾರಿ ಬಂದು ಮಷಿನ್ ಒಯ್ದಿತು. ಮುಂಡರಗಿಯ ಗಿರಾಕಿಯೊಬ್ಬರು ಮದುವೆಗೆಂದು ಕುಟ್ಟಲು ಕೊಟ್ಟಿದ್ದ ಮೆಣಸಿನಕಾಯಿ ಚೀಲಗಳು ಹಾಗೇ ಉಳಿದವು. ಹೇಳಿದ ದಿನಕ್ಕೆ ಖಾರದ ಪುಡಿ ಕೊಡದಿದ್ದರೆ ಗಿರಾಕಿಗಳೂ ಕೈಬಿಡುತ್ತಾರೆ. ಅಷ್ಟರೊಳಗೆ ಕುಟ್ಟಿಕೊಡುವ ಮಷಿನ್ ನನಗೆ ಗೊತ್ತಿದ್ದದ್ದು ಒಂದೇ, ಸ್ಟೇ ಸಿಕ್ಕದ್ದು.

ಮರುದಿನ ಬೆಳಿಗ್ಗೆ ಚೀಲಗಳನ್ನು ಟೆಂಪೋದಲ್ಲಿ ಹೇರಿಸಿಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. "ಅಕ್ಕಾ, ಒಳಗ ಬರ್ರಿ, ಚಾ ಕುಡೀರಿ," ಎಂದು ನೆಗೆಣ್ಣಿ ಕರೆದಳು. ನಾನು ಹೋಗಲಿಲ್ಲ, ಗಿರಣಿಯ ಮುಂದೆ ಉಳಿದವರ ಹಿಂದೆ ಪಾಳಿಯಲ್ಲಿ ನಿಂತೆ.